ಕರಡಿಗೆ ಎಂಜಲಿಟ್ಟ ಕಾಲ

ಹೊತ್ತು ಇಳಿಯುತ್ತಿದ್ದಂತೆ ಜನ ಬಂದು ಬೆಂಚುಗಳ ಮೇಲೆ ಜಾಗ ಹಿಡಿಯುತ್ತಿದ್ದರು. ನಮ್ಮೂರ ಬಯಲಾಟಕ್ಕೆ ಮುಂಚೆಯೇ ಹೋಗಿ ಚಾಪೆ ಹಾಸಿಕೊಂಡು ಕೂರುತ್ತಿದ್ದರಲ್ಲ, ಹಾಗೆ. ಅದು 1930ರ ದಶಕ. ಜಾಗ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗಿನ ಓಟರ್ ಕ್ರೀಕ್ ಎಂಬ ಹಳ್ಳದ ಬದಿ. ಜನರ ಎದುರಿಗೆ ಬೇಲಿ, ಬೇಲಿಯಾಚೆ ಒಂದು ಕಟ್ಟೆ. ಹೋಟೆಲುಗಳ ಅಡುಗೆಮನೆಯಲ್ಲಿ ಉಳಿದ ಮಾಂಸದ ತುಂಡು, ಬ್ರೆಡ್ಡು, ತಟ್ಟೆಯಲ್ಲಿ ಬಿಟ್ಟ ಎಂಜಲು ಎಲ್ಲವನ್ನೂ ಲಾರಿಯಲ್ಲಿ ತಂದು ಆ ಕಟ್ಟೆಯ ಮೇಲೆ ಸುರಿಯುತ್ತಿದ್ದರು. ಸ್ವಲ್ಪ ಹೊತ್ತಿಗೆಲ್ಲ ಮರಗಳ ಸಂದಿಯಿಂದ ಒಂದೊಂದಾಗಿ ಗ್ರಿಜ್ಲಿ ಕರಡಿಗಳು ಹೊರಬರುತ್ತಿದ್ದವು. ಹೆಗಲ ಮೇಲೆ ಗೂನು, ನರೆತಂತೆ ತುದಿ ಬೆಳ್ಳಗಾದ ಕೂದಲು, ಬೆರಳುದ್ದದ ಉಗುರು. ಗ್ರಿಜ್ಲಿ ಎಂಬ ಹೆಸರು ಆ ನರೆಗೂದಲಿನಿಂದಲೇ ಬಂದದ್ದು. ರೇಂಜರ್ ಒಬ್ಬ ಕರಡಿಯ ಜೀವನ ವಿವರಿಸುತ್ತಿದ್ದ, ಜನ ಕಣ್ಣರಳಿಸಿ ನೋಡುತ್ತಿದ್ದರು. ಮಕ್ಕಳನ್ನು ಕರೆದುಕೊಂಡು ಬಂದವರೂ ಅಲ್ಲಿ ಇರುತ್ತಿದ್ದರು.

ಇದನ್ನು ಏರ್ಪಡಿಸಿದವರು ಕೆಟ್ಟವರಲ್ಲ, ಪ್ರಾಣಿಪ್ರೀತಿ ಇಲ್ಲದವರೂ ಅಲ್ಲ. ಉದ್ಯಾನಕ್ಕೆ ಜನ ಬರಬೇಕು, ಬಂದವರು ಕಾಡಿನ ಜೀವಿಗಳನ್ನು ಕಣ್ಣಾರೆ ಕಂಡು ಪ್ರೀತಿಸಬೇಕು ಎಂಬ ಆಸೆ ಅವರದು. ಆದರೆ ಗ್ರಿಜ್ಲಿ ದಾಳಿಗಳ ಚರಿತ್ರೆಯನ್ನು ಬಿಡಿಸುತ್ತ ಹೋದರೆ ಉದ್ಯಾನಗಳೊಳಗೆ ಹರಿದ ರಕ್ತದ ಜಾಡು ಮತ್ತೆ ಮತ್ತೆ ಬಂದು ನಿಲ್ಲುವುದು ಇಂಥ ಎಂಜಲಿನ ರಾಶಿಯ ಮುಂದೆಯೇ.

ಅದಕ್ಕೂ ಹಿಂದಿನ ಕಥೆ ಬೇರೆಯದು. 1805ರ ಏಪ್ರಿಲ್ ಕೊನೆಯಲ್ಲಿ ಮೆರಿವೆದರ್ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್ ಅವರ ತಂಡ ಮಿಸ್ಸೂರಿ ನದಿಯನ್ನು ಏರುತ್ತ ಪಶ್ಚಿಮಕ್ಕೆ ಸಾಗಿದಾಗ ಗ್ರಿಜ್ಲಿಯ ಪರಿಚಯವಾಯಿತು. ಮೊದಲನೆಯದನ್ನು ಸುಲಭವಾಗಿ ಹೊಡೆದುರುಳಿಸಿದರು. ಮೂಲನಿವಾಸಿಗಳು ಈ ಪ್ರಾಣಿಗೆ ಇಷ್ಟೊಂದು ಹೆದರುವುದೇಕೆ, ಬಂದೂಕು ಇದ್ದವರಿಗೆ ಇದು ದೊಡ್ಡ ಮಾತಲ್ಲ ಎಂಬ ಧೋರಣೆ ತಂಡದಲ್ಲಿ ಮೂಡಿತು. ಆ ಧೈರ್ಯ ಒಂದು ವಾರವೂ ಉಳಿಯಲಿಲ್ಲ. ಮೇ 5ರಂದು ಎದುರಾದ ಕರಡಿ ಹತ್ತು ಗುಂಡು ತಿಂದಿತು. ಐದು ಶ್ವಾಸಕೋಶವನ್ನೇ ಸೀಳಿದ್ದವು. ಆದರೂ ಅದು ನದಿಗಿಳಿದು ಅರ್ಧಕ್ಕಿಂತ ಹೆಚ್ಚು ದೂರ ಈಜಿ, ಮರಳದಿಬ್ಬ ಹತ್ತಿ, ಇಪ್ಪತ್ತು ನಿಮಿಷದ ಮೇಲೆ ಪ್ರಾಣ ಬಿಟ್ಟಿತು. ಜೂನ್ 14ರಂದು ಕಾಡೆಮ್ಮೆ ಹೊಡೆದು ಬಂದೂಕಿಗೆ ಮತ್ತೆ ಮದ್ದು ತುಂಬುವುದನ್ನು ಮರೆತು ನಿಂತಿದ್ದ ಲೂಯಿಸನನ್ನೇ ಇನ್ನೊಂದು ಕರಡಿ ಅಟ್ಟಿಸಿಕೊಂಡು ಬಂತು. ಸೊಂಟದುದ್ದ ನೀರಿಗಿಳಿದು ಕೈಯಲ್ಲಿದ್ದ ಭರ್ಜಿ ಹಿಡಿದು ತಿರುಗಿ ನಿಂತ. ಏನನ್ನಿಸಿತೋ, ಕರಡಿ ಸರಕ್ಕನೆ ತಿರುಗಿ ಓಡಿಹೋಯಿತು.

1823ರಲ್ಲಿ ಈಗಿನ ದಕ್ಷಿಣ ಡಕೋಟಾದ ಗ್ರ್ಯಾಂಡ್ ನದಿಯ ಬಳಿ ತುಪ್ಪಳದ ವ್ಯಾಪಾರಿ ತಂಡದ ಹ್ಯೂ ಗ್ಲಾಸ್ ಎರಡು ಮರಿಗಳಿದ್ದ ತಾಯಿಕರಡಿಗೆ ಮುಖಾಮುಖಿಯಾದ. ಬದುಕುವುದಿಲ್ಲವೆಂದು ಜೊತೆಯವರು ಬಿಟ್ಟುಹೋದರು. ಆತ ತೆವಳಿಕೊಂಡು, ಕುಂಟಿಕೊಂಡು ಮುನ್ನೂರು ಕಿಲೋಮೀಟರಿನಷ್ಟು ದೂರದ ಕೋಟೆ ಸೇರಿದ. ‘ದಿ ರೆವೆನಂಟ್’ ಸಿನಿಮಾ ನೋಡಿದವರಿಗೆ ಈ ಕಥೆ ಗೊತ್ತು. ಆದರೆ ಕಥೆಯ ಬೀಜ ಬಿಟ್ಟುಹೋದವರ ಮೇಲಿನ ಸೇಡಿನಲ್ಲಿಲ್ಲ, ಆ ಎರಡು ಮರಿಗಳಲ್ಲಿದೆ. ಪೊದೆಯೊಳಗೆ ಏಕಾಏಕಿ ಎದುರಾದ ಮನುಷ್ಯನಿಂದ ಮರಿಗಳನ್ನು ಕಾಯಲು ತಾಯಿ ಎರಗಿತು. ಇದು ಕಾಡಿನ ಹಳೆಯ ನ್ಯಾಯ. ಇಂದಿಗೂ ಕಾಡುದಾರಿಯಲ್ಲಿ ನಡೆಯುವ ದಾಳಿಗಳಲ್ಲಿ ಬಹುಪಾಲು ಇದೇ ಬಗೆಯವು.

1815ರಲ್ಲಿ ಜಾರ್ಜ್ ಆರ್ಡ್ ಈ ಕರಡಿಗೆ ವೈಜ್ಞಾನಿಕ ಹೆಸರಿಡುವಾಗ ‘ಹೊರಿಬಿಲಿಸ್’ ಎಂದ, ಅಂದರೆ ಭಯಂಕರ. ಹೆಸರು ಕೆಟ್ಟಿತು, ಬೇಟೆಗೆ ನೆಪ ಸಿಕ್ಕಿತು. ಬಂದೂಕು, ವಿಷ, ಬೋನು ಮೂರೂ ಸೇರಿ 1920ರ ದಶಕದ ಹೊತ್ತಿಗೆ ಕ್ಯಾಲಿಫೋರ್ನಿಯಾದ ಗ್ರಿಜ್ಲಿ ಸಂತತಿಯನ್ನೇ ಮುಗಿಸಿದವು. ಅಲ್ಲಿ ಗ್ರಿಜ್ಲಿ ಈಗ ಉಳಿದಿರುವುದು ರಾಜ್ಯದ ಬಾವುಟದ ಮೇಲೆ ಮಾತ್ರ. ಅಲಾಸ್ಕ ಬಿಟ್ಟರೆ ಅಮೆರಿಕದಲ್ಲಿ ಅವಕ್ಕೆ ದೊಡ್ಡ ಆಸರೆಯಾಗಿ ಉಳಿದದ್ದು ಯೆಲ್ಲೋಸ್ಟೋನ್ ಮತ್ತು ಗ್ಲೇಸಿಯರ್ ಉದ್ಯಾನಗಳ ಸುತ್ತಲ ಬೆಟ್ಟಗಳು.

ಯೆಲ್ಲೋಸ್ಟೋನ್ ಉದ್ಯಾನವಾದದ್ದು 1872ರಲ್ಲಿ. ಹೋಟೆಲುಗಳು ಎದ್ದವು, ಹಿತ್ತಿಲಲ್ಲಿ ಕಸದ ಗುಂಡಿಗಳು ತೆರೆದುಕೊಂಡವು. 1880ರ ದಶಕ ಮುಗಿಯುವ ಮೊದಲೇ ರಾತ್ರಿಯಾದರೆ ಕರಡಿಗಳು ಆ ಗುಂಡಿಗಳಿಗೆ ಬರತೊಡಗಿದ್ದವು. ಮೋಟಾರು ಕಾರುಗಳು ಬಂದ ಮೇಲೆ ಕಪ್ಪು ಕರಡಿ ಎಂಬ ಇನ್ನೊಂದು ಜಾತಿಯವು ರಸ್ತೆಬದಿಗೇ ಬಂದು ನಿಂತವು. ಜನ ಕಿಟಕಿ ಇಳಿಸಿ ಬಿಸ್ಕತ್ತು ಕೊಟ್ಟರು, ಫೋಟೋ ತೆಗೆದರು, ಕೊಟ್ಟ ಕೈಯನ್ನೇ ಕಚ್ಚಿಸಿಕೊಂಡರು. 1916ರಲ್ಲಿ ಈ ಉದ್ಯಾನದಲ್ಲಿ ಕರಡಿಯಿಂದ ಮೊದಲ ಸಾವು ದಾಖಲಾಯಿತು. ಸತ್ತವನು ಸಾಮಾನು ತುಂಬಿದ ಗಾಡಿಯ ಬಳಿ ರಾತ್ರಿ ಮಲಗಿದ್ದ ಗಾಡಿಯಾಳು. 1931ರಿಂದ ಅಧಿಕಾರಿಗಳು ಕ್ರಮವಾಗಿ ಲೆಕ್ಕ ಇಡಲು ತೊಡಗಿದರು. ಅಂದಿನಿಂದ 1969ರವರೆಗೆ ಪ್ರತಿವರ್ಷ ಸರಾಸರಿ 48 ಮಂದಿ ಗಾಯಗೊಂಡರು. ಬಹುತೇಕ ಗಾಯ ಮಾಡಿದ್ದು ಕಪ್ಪು ಕರಡಿಗಳು. ಲೆಕ್ಕ ಕೈಯಲ್ಲಿತ್ತು, ಕಾರಣ ಕಣ್ಣೆದುರಿಗೇ ಇತ್ತು, ಆದರೂ ರೂಢಿ ಬಿಡಲಿಲ್ಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಓಟರ್ ಕ್ರೀಕಿನ ಪ್ರದರ್ಶನ ನಿಂತಿತು. ಕಸದ ಗುಂಡಿಗಳು ಮಾತ್ರ ಕಾಡಿನ ಮರೆಯಲ್ಲಿ ಹಾಗೆಯೇ ತೆರೆದುಕೊಂಡಿದ್ದವು.

ಎಚ್ಚರಿಸಿದ್ದು ಬೇರೊಂದು ಉದ್ಯಾನ, ಒಂದೇ ಒಂದು ರಾತ್ರಿ.

ಮೊಂಟಾನದ ಗ್ಲೇಸಿಯರ್ ಉದ್ಯಾನ 1910ರಲ್ಲಿ ಶುರುವಾದದ್ದು. 57 ವರ್ಷಗಳಲ್ಲಿ ಅಲ್ಲಿ ಕರಡಿಯಿಂದ ಒಬ್ಬರೂ ಸತ್ತಿರಲಿಲ್ಲ. ಅಲ್ಲಿನ ಗ್ರಾನೈಟ್ ಪಾರ್ಕ್ ಎಂಬಲ್ಲಿ, ಬೆಟ್ಟದ ಎತ್ತರದಲ್ಲಿ, ರೈಲ್ವೆ ಕಂಪನಿ ಕಟ್ಟಿಸಿದ ಕಲ್ಲಿನ ತಂಗುಮನೆಯೊಂದಿದೆ. ನಡೆದೇ ಹೋಗಬೇಕು. 1967ರ ಬೇಸಿಗೆಯಲ್ಲಿ ಅಲ್ಲಿ ತಂಗುವವರು ಹೆಚ್ಚಿದ್ದರು. ಕಸ ಸುಡಲು ಇದ್ದ ಒಲೆಗೆ ಅಷ್ಟು ಎಂಜಲು ಹಿಡಿಸುತ್ತಿರಲಿಲ್ಲ. ಉಳಿದದ್ದನ್ನು ಹಿಂಬದಿಯ ಕೊರಕಲಿಗೆ ಎಸೆಯುತ್ತಿದ್ದರು. ಕತ್ತಲಾಗುತ್ತಲೇ ಗ್ರಿಜ್ಲಿಗಳು ಬರುತ್ತಿದ್ದವು. ಅತಿಥಿಗಳು ಅದನ್ನು ನೋಡಲೆಂದೇ ಕಾಯುತ್ತಿದ್ದರು. ಜನ ಟೆಂಟು ಹಾಕುವ ಬಯಲು ಆ ಕಟ್ಟಡದಿಂದ ಕೂಗಳತೆಯಲ್ಲಿತ್ತು.

ಅಲ್ಲಿಂದ ಹದಿನೈದು ಕಿಲೋಮೀಟರ್ ಆಚೆ, ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಟ್ರೌಟ್ ಲೇಕ್ ಎಂಬ ಕೆರೆ. ಆ ಬೇಸಿಗೆಯುದ್ದಕ್ಕೂ ಬಡಕಲು ಗ್ರಿಜ್ಲಿಯೊಂದು ಆ ಸುತ್ತಿನ ಶಿಬಿರಗಳಿಗೆ ನುಗ್ಗುತ್ತಿತ್ತು, ಚೀಲ ಹರಿಯುತ್ತಿತ್ತು, ಮನೆಗಳ ಕಸದ ಡಬ್ಬ ಉರುಳಿಸುತ್ತಿತ್ತು. ಜನ ದೂರು ಕೊಟ್ಟಿದ್ದರು. ಆದರೂ ಆ ದಾರಿಯನ್ನು ಮುಚ್ಚಿರಲಿಲ್ಲ.

ಆಗಸ್ಟ್ 12ರ ರಾತ್ರಿ. ಒಣ ಬೇಸಿಗೆ, ಸಿಡಿಲಿಗೆ ಅಲ್ಲಲ್ಲಿ ಕಾಡಿಗೆ ಬೆಂಕಿ ಬಿದ್ದು ರೇಂಜರ್‌ಗಳೆಲ್ಲ ಅದರ ಹಿಂದೆ ಓಡಾಡುತ್ತಿದ್ದರು. ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಗ್ರಾನೈಟ್ ಪಾರ್ಕಿನ ಬಯಲಲ್ಲಿ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿದ್ದ ಹುಡುಗ–ಹುಡುಗಿಯರ ಮೇಲೆ ಗ್ರಿಜ್ಲಿ ಎರಗಿತು. ಗಾಯಗೊಂಡ ಹುಡುಗ ಬಳಿಯಲ್ಲಿ ಮಲಗಿದ್ದವರ ಹತ್ತಿರಕ್ಕೆ ಓಡಿದ. ಹುಡುಗಿಯನ್ನು ಕರಡಿ ಕತ್ತಲೊಳಗೆ ಎಳೆದೊಯ್ದಿತು. ತಂಗುಮನೆಯಲ್ಲಿ ಹತ್ತಾರು ಜನರಿದ್ದರೂ ಕೋವಿ ಇರಲಿಲ್ಲ, ಕತ್ತಲಿಗೆ ಇಳಿಯುವ ಧೈರ್ಯ ಸಾಲಲಿಲ್ಲ. ಹೆಲಿಕಾಪ್ಟರಿನಲ್ಲಿ ಕೋವಿ ಹಿಡಿದ ರೇಂಜರ್ ಬಂದಿಳಿದ ಮೇಲೆ ಹುಡುಕಿ ಅವಳನ್ನು ಹೊತ್ತು ತಂದರು. ಅತಿಥಿಗಳಲ್ಲಿ ವೈದ್ಯರಿದ್ದರು. ಊಟದ ಮೇಜನ್ನೇ ಶಸ್ತ್ರಚಿಕಿತ್ಸೆಯ ಮಂಚ ಮಾಡಿಕೊಂಡು ಹೆಣಗಿದರು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಅವಳು ಉಸಿರು ಬಿಟ್ಟಳು. ಸಂಜೆ ಕರಡಿ ನೋಡಿ ಸಂತೋಷಪಟ್ಟವರ ಕಣ್ಣೆದುರಿಗೇ.

ಅದೇ ಹೊತ್ತಿಗೆ ಟ್ರೌಟ್ ಲೇಕಿನ ದಂಡೆಯಲ್ಲಿ ಐವರು ಎಳೆಯರು ಬೆಂಕಿ ಹಾಕಿಕೊಂಡು ಮಲಗಿದ್ದರು. ಜೊತೆಗೊಂದು ನಾಯಿಮರಿ. ಸಂಜೆಯೇ ಆ ಬಡಕಲು ಕರಡಿ ಬಂದು ಅವರ ಊಟ ತಿಂದು ಹೋಗಿತ್ತು. ಕತ್ತಲಲ್ಲಿ ಕಾಡುದಾರಿ ಹಿಡಿದು ಮರಳುವುದು ಬೇಡವೆಂದು ನೀರಿನ ಹತ್ತಿರಕ್ಕೆ ಜಾಗ ಬದಲಿಸಿ ಉಳಿದಿದ್ದರು. ಬೆಳಗಿನ ಜಾವ ಅದು ಮತ್ತೆ ಬಂತು. ಒಬ್ಬೊಬ್ಬರಾಗಿ ಎದ್ದು ಮರ ಹತ್ತಿದರು. ಒಬ್ಬ ಹುಡುಗಿಯ ಸ್ಲೀಪಿಂಗ್ ಬ್ಯಾಗಿನ ಜಿಪ್ಪು ಬಿಚ್ಚಿಕೊಳ್ಳಲಿಲ್ಲ.

ಸತ್ತ ಇಬ್ಬರಿಗೂ ಹತ್ತೊಂಬತ್ತು ವರ್ಷ. ಇಬ್ಬರೂ ರಜೆಯಲ್ಲಿ ಅದೇ ಉದ್ಯಾನದಲ್ಲಿ ಕೆಲಸಕ್ಕೆ ಸೇರಿದ್ದವರು. ಒಂದೇ ರಾತ್ರಿ, ಎರಡು ಬೇರೆ ಕರಡಿಗಳು, ನಡುವೆ ಒಂದು ಪರ್ವತ. ಸಿಡಿಲಿನಿಂದ ಕರಡಿಗಳು ಕೆರಳಿದವು ಎಂದರು, ಬರದಿಂದ ಕಾಡುಹಣ್ಣು ಕಡಿಮೆಯಾಯಿತು ಎಂದರು, ಏನೇನೋ ಊಹಿಸಿದರು. ಟ್ರೌಟ್ ಲೇಕಿನ ಕರಡಿಯನ್ನು ರೇಂಜರ್‌ಗಳು ಹೊಡೆದುರುಳಿಸಿ ಪರೀಕ್ಷಿಸಿದರು. ಮುದಿ ಹೆಣ್ಣು ಕರಡಿ, ಎಲುಬು–ಚರ್ಮ. ದವಡೆ ಹಲ್ಲುಗಳ ನಡುವೆ ಗಾಜಿನ ಚೂರುಗಳು ಸಿಕ್ಕಿಕೊಂಡಿದ್ದವು. ಕಸದ ಡಬ್ಬಗಳಲ್ಲಿನ ಒಡೆದ ಬಾಟಲಿಗಳ ನಡುವೆ ಬಾಯಿ ಹಾಕಿ ಅದು ಬದುಕುತ್ತಿತ್ತು. ಆ ಗಾಜಿನ ಚೂರಿಗಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. 1969ರಲ್ಲಿ ಪತ್ರಕರ್ತ ಜ್ಯಾಕ್ ಓಲ್ಸನ್ ‘ನೈಟ್ ಆಫ್ ದಿ ಗ್ರಿಜ್ಲೀಸ್’ ಪುಸ್ತಕದಲ್ಲಿ ಈ ಎಲ್ಲ ಎಳೆಗಳನ್ನೂ ಸೇರಿಸಿ, ಈ ಸಾವುಗಳನ್ನು ತಪ್ಪಿಸಬಹುದಿತ್ತೆಂದು ದೇಶದ ಮುಂದಿಟ್ಟ.

ಗ್ಲೇಸಿಯರ್‌ನಲ್ಲಿ ಎಂಜಲು ಸುರಿಯುವುದು ನಿಂತಿತು. ಕಾಡಿಗೆ ಒಯ್ದದ್ದರ ಸಿಪ್ಪೆ, ಡಬ್ಬ, ಕಾಗದ ಎಲ್ಲವನ್ನೂ ಹೊತ್ತವರೇ ವಾಪಸು ತರಬೇಕೆಂಬ ಕಟ್ಟಳೆ ಬಂತು. ಊಟದ ಚೀಲವನ್ನು ಹಗ್ಗ ಕಟ್ಟಿ ಎತ್ತರಕ್ಕೆ ನೇತುಹಾಕುವುದು, ಅಡುಗೆಯ ಜಾಗವನ್ನು ಮಲಗುವ ಜಾಗದಿಂದ ದೂರ ಇಡುವುದು, ಕರಡಿ ಕಂಡರೆ ದಾರಿಯನ್ನೇ ಮುಚ್ಚುವುದು ರೂಢಿಯಾಯಿತು. ಇವತ್ತು ಸಾಮಾನ್ಯ ತಿಳಿವಳಿಕೆಯಂತೆ ಕಾಣುವ ಈ ಮಾತುಗಳಿಗೆ ತೆತ್ತ ಬೆಲೆ ಇಬ್ಬರು ಹುಡುಗಿಯರ ಪ್ರಾಣ.

ಯೆಲ್ಲೋಸ್ಟೋನ್‌ನಲ್ಲಿ ವಿಷಯ ಇಷ್ಟು ಸರಳವಾಗಿ ಮುಗಿಯಲಿಲ್ಲ. ಅಲ್ಲಿ ಫ್ರ್ಯಾಂಕ್ ಮತ್ತು ಜಾನ್ ಕ್ರೇಗ್‌ಹೆಡ್ ಎಂಬ ಅವಳಿ ಸೋದರರು 1959ರಿಂದ ಗ್ರಿಜ್ಲಿಗಳ ಅಧ್ಯಯನ ನಡೆಸುತ್ತಿದ್ದರು. 1961ರಲ್ಲಿ ಗ್ರಿಜ್ಲಿಯ ಕೊರಳಿಗೆ ಮೊದಲ ಬಾರಿ ರೇಡಿಯೊ ಪಟ್ಟಿ ಕಟ್ಟಿದವರು ಅವರೇ. ಗುಂಡಿಗಳನ್ನು ಒಮ್ಮೆಲೇ ಮುಚ್ಚಬೇಡಿ, ತಲೆಮಾರುಗಳಿಂದ ಅದನ್ನೇ ನಂಬಿರುವ ಕರಡಿಗಳು ಹಸಿದು ಶಿಬಿರಗಳಿಗೆ ನುಗ್ಗುತ್ತವೆ, ನಿಧಾನವಾಗಿ ಬಿಡಿಸಿ ಎಂದರು. ಉದ್ಯಾನದ ಆಡಳಿತ ಕೇಳಲಿಲ್ಲ. 1970ರ ಹೊತ್ತಿಗೆ ಟ್ರೌಟ್ ಕ್ರೀಕಿನ ದೊಡ್ಡ ಗುಂಡಿಯೂ ಮುಚ್ಚಿತು. ಸೋದರರು ಹೇಳಿದಂತೆಯೇ ಕರಡಿಗಳು ಶಿಬಿರಗಳಿಗೂ ಊರುಗಳಿಗೂ ಬಂದವು, ಬಂದವು ಸತ್ತವು. 1972ರಲ್ಲಿ ಓಲ್ಡ್ ಫೇತ್‌ಫುಲ್ ಬಿಸಿನೀರ ಬುಗ್ಗೆಯ ಹತ್ತಿರ, ಅನುಮತಿ ಇಲ್ಲದ ಜಾಗದಲ್ಲಿ ಊಟ ತೆರೆದಿಟ್ಟು ಬಿಡಾರ ಹೂಡಿದ್ದ ಯುವಕನೊಬ್ಬ ರಾತ್ರಿ ಮರಳಿ ಬಂದಾಗ ಗ್ರಿಜ್ಲಿಗೆ ಬಲಿಯಾದ. 1975ರ ವೇಳೆಗೆ ಯೆಲ್ಲೋಸ್ಟೋನ್ ಪ್ರದೇಶದಲ್ಲಿ ಉಳಿದ ಗ್ರಿಜ್ಲಿಗಳು 136 ಎಂದು ಅಂದಾಜಿಸಿದರು. ಅದೇ ವರ್ಷ ಅಳಿವಿನ ಭೀತಿಯಲ್ಲಿರುವ ಜೀವಿಗಳ ಕಾನೂನಿನಡಿ ಅವಕ್ಕೆ ರಕ್ಷಣೆ ಸಿಕ್ಕಿತು.

ಗುಂಡಿ ಮುಚ್ಚಿದ್ದು ಸರಿ, ಮುಚ್ಚಿದ ಬಗೆ ತಪ್ಪು. ಎಂಜಲು ಕಲಿಸಿದವರು ಮನುಷ್ಯರು, ಕಲಿತ ತಪ್ಪಿಗೆ ಸತ್ತದ್ದು ಕರಡಿಗಳು. ಆದರೂ ಆ ಕಷ್ಟದ ವರ್ಷಗಳು ಕಳೆದ ಮೇಲೆ ಬಂದ ಫಲ ದೊಡ್ಡದು. ಕಾಡಿನ ಬೇರು, ಹುಳು, ಮೀನು, ಪೈನ್ ಬೀಜ ತಿಂದು ಬೆಳೆದ ಹೊಸ ತಲೆಮಾರಿಗೆ ಮನುಷ್ಯ ಎಂದರೆ ಊಟ ಎಂಬ ನಂಟು ಇರಲಿಲ್ಲ. ವರ್ಷಕ್ಕೆ 48 ಇದ್ದ ಗಾಯಾಳುಗಳ ಸಂಖ್ಯೆ ಒಂದರ ಆಸುಪಾಸಿಗೆ ಇಳಿಯಿತು. ಆ ಪ್ರದೇಶದಲ್ಲಿ ಈಗ ಗ್ರಿಜ್ಲಿಗಳು ಸಾವಿರದ ಹತ್ತಿರ ಇವೆ. ಕರಡಿ ಏಳು ಪಟ್ಟು ಹೆಚ್ಚಿತು, ಗಾಯ ಹೆಚ್ಚಲಿಲ್ಲ.

ದರೋಜಿಯ ಕರಡಿಧಾಮ ನೋಡಿದ ಕನ್ನಡಿಗರಿಗೆ ಇಲ್ಲಿ ಒಂದು ನೆನಪು ಬಾರದಿರದು. 1994ರಲ್ಲಿ ಶುರುವಾದ ಆ ಧಾಮದಲ್ಲಿ ಬಂಡೆಗಳ ಮೇಲೆ ಬೆಲ್ಲ–ಜೇನಿನ ಪಾಕ ಬಳಿಯುತ್ತಾರೆ, ಸಂಜೆ ಕರಡಿಗಳು ಬಂದು ನೆಕ್ಕುತ್ತವೆ, ಜನ ದೂರದ ಗೋಪುರದಿಂದ ನೋಡುತ್ತಾರೆ. ನಮ್ಮ ಕರಡಿಯ ಜಾತಿ ಬೇರೆ, ಅದರ ಮುಖ್ಯ ಊಟ ಗೆದ್ದಲು, ಇರುವೆ, ಹಣ್ಣು. ನೋಡುವವರ ಅಂತರವೂ ದೊಡ್ಡದು. ಆದರೆ ಓಟರ್ ಕ್ರೀಕಿನಲ್ಲೂ ಜನ ಕೂತದ್ದು ಬೇಲಿಯ ಈಚೆಗೇ. ದೀಪದ ಎಣ್ಣೆಯ ವಾಸನೆ ಹಿಡಿದು ಕರಡಿ ಗುಡಿಯೊಳಗೆ ನುಗ್ಗಿದ ಸುದ್ದಿಯನ್ನು ಬಯಲುಸೀಮೆಯವರು ಓದುತ್ತಲೇ ಇರುತ್ತಾರೆ. ಮೂಗಿನ ಹಿಂದೆ ಹೋಗುವ ಪ್ರಾಣಿ ಎಲ್ಲಿದ್ದರೂ ಒಂದೇ.

1967ರ ಆ ರಾತ್ರಿ ಇನ್ನೊಬ್ಬನ ಬದುಕಿನ ದಾರಿಯನ್ನು ತಿರುಗಿಸಿತು. ಕೆನಡದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಸ್ಟೀಫನ್ ಹೆರೆರೊ ಗ್ರಿಜ್ಲಿ ದಾಳಿಗಳ ದಾಖಲೆಗಳನ್ನು ಒಂದೊಂದಾಗಿ ಕಲೆಹಾಕಿದರು. 1970ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲೇಖನ, 1985ರಲ್ಲಿ ‘ಬೇರ್ ಅಟ್ಯಾಕ್ಸ್’ ಎಂಬ ಪುಸ್ತಕ. ಎಲ್ಲ ದಾಳಿಯೂ ಒಂದೇ ಅಲ್ಲ ಎಂದು ತೋರಿಸಿಕೊಟ್ಟದ್ದು ಅವರ ದೊಡ್ಡ ಕೆಲಸ. ಬೆಚ್ಚಿಬಿದ್ದ ಕರಡಿ, ಮರಿ ಕಾಯುವ ಕರಡಿ, ಹೊಡೆದ ಬೇಟೆಯ ಮೇಲೆ ಕೂತ ಕರಡಿ ತನ್ನ ರಕ್ಷಣೆಗೆ ಎರಗುತ್ತದೆ. ಅಪಾಯ ಹೋಯಿತೆಂದು ಅನ್ನಿಸಿದ ಕೂಡಲೇ ಬಿಟ್ಟುಹೋಗುತ್ತದೆ. ರಾತ್ರಿ ಟೆಂಟಿಗೆ ಬರುವ ಕರಡಿ, ಹಿಂದೆ ಹಿಂದೆಯೇ ಸದ್ದಿಲ್ಲದೆ ಬರುವ ಕರಡಿ ಬಂದಿರುವುದು ತಿನ್ನಲು.

ಇಬ್ಬರು ಗೆಳೆಯರು ಮತ್ತು ಕರಡಿಯ ಕಥೆಯನ್ನು ಪ್ರಾಥಮಿಕ ಶಾಲೆಯಲ್ಲಿ ಓದದ ಕನ್ನಡಿಗರಿಲ್ಲ. ಒಬ್ಬ ಮರ ಹತ್ತಿದ, ಇನ್ನೊಬ್ಬ ಉಸಿರು ಬಿಗಿಹಿಡಿದು ಸತ್ತಂತೆ ಬಿದ್ದುಕೊಂಡ, ಕರಡಿ ಮೂಸಿ ಹೋಯಿತು. ಹೆರೆರೊ ಅವರ ಲೆಕ್ಕದ ಮುಂದೆ ಆ ಕಥೆ ಅರ್ಧ ನಿಲ್ಲುತ್ತದೆ. ರಕ್ಷಣೆಗೆ ಎರಗಿದ ಗ್ರಿಜ್ಲಿ ಮೈಮೇಲೆ ಬಿದ್ದಾಗ ಬೆನ್ನಿನ ಚೀಲ ಕಳಚದೆ ಬೋರಲು ಮಲಗಿ, ಕಾಲು ಅಗಲಿಸಿ, ಬೆರಳು ಹೆಣೆದು ಕುತ್ತಿಗೆಯ ಹಿಂಭಾಗ ಮುಚ್ಚಿಕೊಂಡು, ಅದು ದೂರ ಹೋಗುವ ತನಕ ಅಲುಗಾಡದಿದ್ದರೆ ಬದುಕುವ ಸಾಧ್ಯತೆ ಹೆಚ್ಚು. ತಿನ್ನಲು ಬಂದ ಕರಡಿಯ ಮುಂದೆ ಹಾಗೆ ಬಿದ್ದುಕೊಂಡರೆ ಅದರ ಕೆಲಸ ಸುಲಭವಾಗುತ್ತದೆ. ಅಲ್ಲಿ ಕಲ್ಲು, ಕೋಲು, ಮುಷ್ಟಿ ಏನು ಸಿಕ್ಕರೂ ಹಿಡಿದು ಹೊಡೆದಾಡಲೇಬೇಕು. ಓಡುವುದಂತೂ ಎರಡೂ ಸಂದರ್ಭಕ್ಕೆ ಸಲ್ಲ. ಗ್ರಿಜ್ಲಿ ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು.

2011ರ ಜುಲೈನಲ್ಲಿ ಯೆಲ್ಲೋಸ್ಟೋನ್‌ನ ವಾಪಿಟಿ ಲೇಕ್ ದಾರಿಯಲ್ಲಿ ನಡೆಯುತ್ತಿದ್ದ ದಂಪತಿಗೆ ಮರಿಗಳಿದ್ದ ತಾಯಿಕರಡಿ ಎದುರಾಯಿತು. ಅದು ನುಗ್ಗಿ ಬರುತ್ತಿದ್ದಂತೆ ಇಬ್ಬರೂ ಕೂಗುತ್ತ ಓಡಿದರು. ಗಂಡ ಸತ್ತ. ಅಲ್ಲಾಡದೆ ಬಿದ್ದುಕೊಂಡ ಹೆಂಡತಿಯನ್ನು ಕರಡಿ ಬೆನ್ನಚೀಲ ಹಿಡಿದೆತ್ತಿ ಕೆಳಗೆ ಬಿಟ್ಟು ಹೋಯಿತು. 25 ವರ್ಷಗಳ ನಂತರ ಉದ್ಯಾನದೊಳಗೆ ನಡೆದ ಮೊದಲ ಸಾವು ಅದು. ಮರಿ ಕಾಯಲು ಎರಗಿದೆ ಎಂದು ಅಧಿಕಾರಿಗಳು ಆ ತಾಯಿಯನ್ನು ಕೊಲ್ಲದೆ ಬಿಟ್ಟರು. ಮುಂದಿನ ತಿಂಗಳು ಬೇರೊಂದು ದಾರಿಯಲ್ಲಿ ಒಂಟಿಯಾಗಿ ಹೋಗಿದ್ದ ಮತ್ತೊಬ್ಬ ಸತ್ತ. ಆ ಜಾಗದಲ್ಲಿ ಅದೇ ಕರಡಿ ಇದ್ದದ್ದು ಡಿಎನ್ಎ ಪರೀಕ್ಷೆಯಲ್ಲಿ ಗೊತ್ತಾಗಿ ಅದನ್ನು ಕೊಂದು, ಮರಿಗಳನ್ನು ವೆಸ್ಟ್ ಯೆಲ್ಲೋಸ್ಟೋನ್ ಊರಿನ ಪ್ರಾಣಿಕೇಂದ್ರಕ್ಕೆ ಸೇರಿಸಿದರು. ಮೊದಲ ತೀರ್ಮಾನ ತಪ್ಪಾಗಿತ್ತೇ? ಇವತ್ತಿಗೂ ವಾದವಿದೆ. ಕರಡಿಗೆ ನ್ಯಾಯ ಕೊಡಲು ಹೊರಟ ಆ ಮನಸ್ಸನ್ನು ಮಾತ್ರ ತಪ್ಪೆನ್ನಲಾಗದು. ಸತ್ತ ಇಬ್ಬರ ಬಳಿಯೂ ಬೇರ್ ಸ್ಪ್ರೇ ಇರಲಿಲ್ಲ.

ಬೇರ್ ಸ್ಪ್ರೇ ಎಂದರೆ ಡಬ್ಬಿಯಲ್ಲಿ ತುಂಬಿಟ್ಟ ಮೆಣಸಿನಕಾಯಿಯ ಖಾರ. ಒಣಮೆಣಸಿನ ಒಗ್ಗರಣೆ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತ ಹೊರಗೋಡುವುದನ್ನು ಕಂಡವರಿಗೆ ಇದರ ತತ್ವ ವಿವರಿಸಬೇಕಿಲ್ಲ. ಮೊಂಟಾನ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಜಾಂಕೆಲ್ ಅವರ ಕೈಕೆಳಗೆ ವಿದ್ಯಾರ್ಥಿನಿ ಕ್ಯಾರಿ ಹಂಟ್ ಬೋನಿನಲ್ಲಿದ್ದ ಕರಡಿಗಳ ಮೇಲೆ ಒಂದೊಂದೇ ಉಪಾಯ ಪರೀಕ್ಷಿಸುತ್ತ ಹೋದಾಗ ಗೆದ್ದದ್ದು ಈ ಖಾರ. ಅಲಾಸ್ಕದಲ್ಲಿ 1985ರಿಂದ 2006ರವರೆಗೆ ಇದನ್ನು ಬಳಸಿದ 83 ಪ್ರಸಂಗಗಳನ್ನು ಟಾಮ್ ಸ್ಮಿತ್, ಹೆರೆರೊ ಮತ್ತು ಸಂಗಡಿಗರು ಪರಿಶೀಲಿಸಿದರು. ಹತ್ತಿರದಿಂದ ಕರಡಿ ಎದುರಿಸಿ ಸ್ಪ್ರೇ ಹೊಡೆದವರಲ್ಲಿ ನೂರಕ್ಕೆ 98 ಮಂದಿಗೆ ಗಾಯವೇ ಆಗಿರಲಿಲ್ಲ. ಕರಡಿಗೂ ಸಾವಿಲ್ಲ, ಸ್ವಲ್ಪ ಹೊತ್ತಿನ ಕಣ್ಣುರಿ ಅಷ್ಟೇ.

ಬೇಸಿಗೆಯಲ್ಲಿ ಅಮೆರಿಕದ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರ ಪ್ರವಾಸದ ಪಟ್ಟಿಯಲ್ಲಿ ಯೆಲ್ಲೋಸ್ಟೋನ್ ಇರುವುದುಂಟು. ಹೋಗುವವರು ಖಂಡಿತ ಹೋಗಿ ಬನ್ನಿ. ಆ ಉದ್ಯಾನದ ಇಷ್ಟು ವರ್ಷಗಳ ಚರಿತ್ರೆಯಲ್ಲಿ ಕರಡಿಗೆ ಬಲಿಯಾದವರು ಕೈಬೆರಳಲ್ಲಿ ಎಣಿಸುವಷ್ಟು, ನೀರಲ್ಲಿ ಮುಳುಗಿ ಸತ್ತವರು ನೂರಕ್ಕೂ ಹೆಚ್ಚು. ಕರಡಿಯಿಂದ 91 ಮೀಟರ್ ದೂರ ಇರಬೇಕೆಂಬುದು ಅಲ್ಲಿನ ನಿಯಮ, ಮೊಬೈಲ್ ಫೋಟೋಗಾಗಿ ಅದನ್ನು ಮುರಿಯಬೇಡಿ. ಕಾಡುದಾರಿಯಲ್ಲಿ ನಾಲ್ಕೈದು ಜನ ಒಟ್ಟಾಗಿ, ಗಟ್ಟಿಯಾಗಿ ಮಾತಾಡಿಕೊಂಡು ನಡೆಯಿರಿ. ಕನ್ನಡ ಹಾಡು ಹೇಳಿಕೊಂಡು ನಡೆದರೂ ಆದೀತು, ಕರಡಿಗೆ ನೀವು ಬರುತ್ತಿರುವುದು ಗೊತ್ತಾಗಬೇಕು. ಬೇರ್ ಸ್ಪ್ರೇಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಅಲ್ಲಿಯೇ ಕೊಳ್ಳಿ. ಚೀಲದ ತಳದಲ್ಲಿ ತುರುಕದೆ ಸೊಂಟಕ್ಕೆ ಕಟ್ಟಿಕೊಳ್ಳಿ. ಕ್ಯಾಂಪಿನಲ್ಲಿ ಉಳಿದುಕೊಂಡರೆ ಚಿತ್ರಾನ್ನದ ಡಬ್ಬಿ, ಉಪ್ಪಿನಕಾಯಿ, ಟೂತ್‌ಪೇಸ್ಟು, ತೊಳೆಯದ ಪಾತ್ರೆ ಎಲ್ಲವನ್ನೂ ಅಲ್ಲಿರುವ ಕಬ್ಬಿಣದ ಪೆಟ್ಟಿಗೆಯಲ್ಲೋ ಕಾರಿನಲ್ಲೋ ಇಟ್ಟು ಬೀಗ ಹಾಕಿ.

ಆ ಪೆಟ್ಟಿಗೆ, ಕಸದ ಡಬ್ಬಗಳ ಗಟ್ಟಿತನದ ಬಗ್ಗೆ ಅನುಮಾನ ಬೇಡ. ವೆಸ್ಟ್ ಯೆಲ್ಲೋಸ್ಟೋನ್‌ನ ಅದೇ ಪ್ರಾಣಿಕೇಂದ್ರದಲ್ಲಿ, ಒಳಗೆ ತಿಂಡಿ ತುಂಬಿಟ್ಟು, ಅವನ್ನು ಗ್ರಿಜ್ಲಿಗಳ ಮುಂದೆ ಉರುಳಿಸುತ್ತಾರೆ. ಕರಡಿಗಳು ಕಚ್ಚುತ್ತವೆ, ಉಗುರು ತೂರಿಸುತ್ತವೆ, ಮೇಲೆ ಹತ್ತಿ ಕುಪ್ಪಳಿಸುತ್ತವೆ. ಒಟ್ಟು 60 ನಿಮಿಷದ ಆ ಸೆಣಸಾಟ ತಾಳಿಕೊಂಡರಷ್ಟೇ ಮುದ್ರೆ ಸಿಗುತ್ತದೆ. ಪರೀಕ್ಷೆ ಮಾಡುವ ಆ ಕರಡಿಗಳಲ್ಲಿ ಹಲವು ಒಂದು ಕಾಲಕ್ಕೆ ಜನರ ಎಂಜಲು ತಿನ್ನಲು ಕಲಿತು, ಊರಿಗೆ ನುಗ್ಗಿ, ಇನ್ನು ಕಾಡಿನಲ್ಲಿ ಬಿಡುವಂತಿಲ್ಲ ಎಂದು ಹಿಡಿದು ತಂದವು. ಅವುಗಳ ಸಾಲಿಗೆ ಇನ್ನೊಂದು ಕರಡಿ ಸೇರದಿರಲಿ. ಟೆಂಟಿನೊಳಗೆ ಒಂದು ಚಕ್ಕುಲಿಯನ್ನೂ ಇಟ್ಟುಕೊಳ್ಳಬೇಡಿ.